ಉಳವಪ್ಪನ ಬಾಕ್ಸ್‌ವುಡ್ ಆಸ್ಪತ್ರೆ

"ಯುಗಾದಿ ಬರೂದ್ರಾಗ ನಮ್ಮ ಗೇಟಿನ ಎರಡೂ ಬಾಜು ಎರಡು ಹಸಿರು ಗುಂಡು ನಿಂತಿರ್ತಾವ! ಟಿಳಕವಾಡಿ ಮಂದಿ ಗಾಡಿ ನಿಂದ್ರಿಸಿ ನೋಡಬೇಕು, ಹಂಗ! ಇದು ಈ ಉಳವಪ್ಪನ ಮಾತು!"

ಹೀಗೆಂದು ಘೋಷಿಸಿ ಉಳವಪ್ಪ ಚಹಾದ ಕಪ್ಪನ್ನು ಬಸಿಯ ಮೇಲೆ ಟಣ್ಣೆಂದು ಇಟ್ಟ. ಇಂಥ ಐತಿಹಾಸಿಕ ಘೋಷಣೆಯನ್ನು ಕೇಳಲು ಅಡುಗೆಮನೆಯಲ್ಲಿ ಇದ್ದವಳು ಹೆಂಡತಿ ನಾಗರತ್ನಾ ಒಬ್ಬಳೇ. ಅವಳು ಮೆಂತೆ ಪಲ್ಲೆ ಸೋಸುತ್ತ ಕೂತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಹಸಿರು ಗುಂಡಂದ್ರ ಏನ್ರಿ? ಕಲ್ಲಂಗಡಿ?"

"ಗಿಡಾ! ಬಾಕ್ಸ್‌ವುಡ್ ಅಂತಾರ. ಸಣ್ಣ ಸಣ್ಣ ಎಲಿ. ಕತ್ತರಿಸಿ ಗುಂಡಗ ಮಾಡಿ ಕುಂಡದಾಗ ಇಡೂದು."

"ಹೂ ಬಿಡ್ತೈತಿ?"

"ಕಣ್ಣಿಗೆ ಕಾಣೂವಂಥಾವಲ್ಲ."

"ಹಣ್ಣು?"

"ಇಲ್ಲ."

"ಪಲ್ಲೆಕ್ಕರೆ ಬರ್ತೈತೋ ಇಲ್ಲೋ?"

"ಏ, ಶೋಭಾಕ್ಕ ಇಡೂದು ಅದು!"

"ಹಂಗನ್ರಿ ಮತ್ತ. ಅಂಗಡಿ ಮಗಗ ಬಿಟ್ಟುಕೊಟ್ಟ ಮ್ಯಾಲ ನೀವು ಮನ್ಯಾಗ ಹೆಂಗದೀರೋ ಹಂಗ," ಎಂದು ನಾಗರತ್ನಾ ಮೆಂತೆಯ ಕಟ್ಟನ್ನು ಬಿಚ್ಚಿದಳು.

ರವಿವಾರ ಪೇಟೆಯ ಬೆಲ್ಲದ ಅಂಗಡಿಯನ್ನು ಮಗ ವಿನಯನ ಕೈಗೆ ಒಪ್ಪಿಸಿದಂದಿನಿಂದ ಉಳವಪ್ಪನಿಗೆ ಇಂಥ ಮಾತು ಕೇಳಿ ಕೇಳಿ ಕಿವಿ ಗಟ್ಟಿಯಾಗಿತ್ತು. ಶೋಭೆ ಎಂದು ಹೆಂಡತಿಗೆ ಹೇಳಿದನೇ ಹೊರತು ಅವನ ಹೊಟ್ಟೆಯೊಳಗಿದ್ದ ಕಾರಣ ಬೇರೆ. ಅದನ್ನು ಹೇಳಿದರೆ ಎಲ್ಲಿ ನಗುತ್ತಾಳೋ ಎಂದು ಬಾಯಿ ಬಿಟ್ಟಿರಲಿಲ್ಲ.

ಉಳವಪ್ಪನ ತಂದೆ ಗುರುಪುತ್ರಪ್ಪ ಖಾನಾಪುರದಿಂದ ಕಣಕುಂಬಿಗೆ ಹೋಗುವ ದಾರಿಯ ಒಂದು ಹಳೆಯ ಬಂಗಲೆಯಲ್ಲಿ ಅಡುಗೆ ಮತ್ತು ಕಾವಲಿಗೆ ಇದ್ದ. ಸಾಹೇಬರು ಬಂದಾಗ ಸಾರು ಮಾಡುವುದು, ಬಾರದಿದ್ದಾಗ ಧೂಳು ಹೊಡೆಯುವುದು. ಬಂಗಲೆಯ ಹಿಂದಿನ ಒಂದೇ ಕೋಣೆಯಲ್ಲಿ ಅವರ ಸಂಸಾರ. ಮುಂದಿನ ಪಡಸಾಲೆಯ ಮೆಟ್ಟಿಲ ಎರಡೂ ಕಡೆ ಎರಡು ಕುಂಡ, ಕುಂಡದಲ್ಲಿ ದುಂಡಗೆ ಕತ್ತರಿಸಿದ ಗಿಡ. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಮನೆಮಂದಿಯೆಲ್ಲ ಅದನ್ನು ಗುಂಡಗಿಡ ಎನ್ನುತ್ತಿದ್ದರು. ಆ ಕಡೆಯ ಮಳೆ ಒಮ್ಮೆ ಹಿಡಿಯಿತೆಂದರೆ ಬಿಡುವ ಮಾತೇ ಇಲ್ಲ. ಶಾಲೆಗೆ ರಜೆ ಬಿದ್ದಾಗ ಉಳವಪ್ಪ, ಅವನ ಅಕ್ಕ ಬಾಳವ್ವ ಇಬ್ಬರೂ ಒಂದೇ ಕಂಬಳಿ ಹೊದ್ದು ಆ ಗುಂಡಗಿಡದ ಬಾಜು ಕೂತು ಮಳೆ ನೋಡುತ್ತಿದ್ದರು. ಒಳಗಿಂದ ಅಪ್ಪನ ಒಗ್ಗರಣೆಯ ವಾಸನೆ, ಪಕ್ಕದಲ್ಲಿ ಒದ್ದೆ ಎಲೆಯ ವಾಸನೆ. ಸಾಹೇಬ ಬಿಟ್ಟುಹೋದ ಬಿಸ್ಕೀಟನ್ನು ಅಪ್ಪ ಎರಡು ತುಂಡು ಮಾಡಿ ತಂದು ಕೊಡುತ್ತಿದ್ದ. ಉಳವಪ್ಪನಿಗೆ ಅದಕ್ಕಿಂತ ದೊಡ್ಡ ಸುಖ ಮುಂದೆ ಸಿಕ್ಕಿದ್ದು ನೆನಪಿಲ್ಲ.

ಆಮೇಲೆ ಅಪ್ಪ ಬೆಳಗಾವಿಗೆ ಬಂದು ಟಿಳಕವಾಡಿಯಲ್ಲಿ ಸಣ್ಣ ಹಂಚಿನ ಮನೆ ಕಟ್ಟಿಸಿದ. ಬಾಳವ್ವನನ್ನು ಖಾನಾಪುರಕ್ಕೇ ಕೊಟ್ಟರು. ಅಪ್ಪ, ಅವ್ವ ಇಬ್ಬರೂ ಶಿವನ ಪಾದ ಸೇರಿದರು. ಹೋದ ವರ್ಷ ಉಳವಪ್ಪ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ. ಅಂಗಳಕ್ಕೆ ಗೇಟಿನ ತನಕ ಒಂದಿಂಚೂ ಮಣ್ಣು ಬಿಡದೆ ಫರ್ಸಿ ಕಲ್ಲು ಹಾಸಿಸಿದ. ಕೆಸರಿಲ್ಲ, ಕಸವಿಲ್ಲ, ಊಟದ ತಟ್ಟೆ ಇಲ್ಲದೆ ಊಟ ಮಾಡಬಹುದು, ಅಷ್ಟು ಸ್ವಚ್ಛ! ದೀಪಾವಳಿಗೆ ಬಂದ ಬಾಳವ್ವ ಮನೆಯನ್ನೆಲ್ಲ ಸುತ್ತಿ ನೋಡಿ, "ಛಲೋ ಆಗೇತಿ ತಮ್ಮಾ," ಎಂದಳು. ಆಮೇಲೆ ಮೆಲ್ಲಗೆ, "ಅಪ್ಪನ ಗುರ್ತಾ ಮಾತ್ರ ಒಂದೂ ಉಳೀಲಿಲ್ಲ ನೋಡು," ಎಂದಳು.

ಅಷ್ಟೇ. ಬೈದಿರಲಿಲ್ಲ, ಅತ್ತಿರಲಿಲ್ಲ. ಆದರೆ ಅವತ್ತು ಉಳವಪ್ಪ ಕಚ್ಚಿದ ಕರ್ಚಿಕಾಯಿಯನ್ನು ತಿರುಗಿ ತಟ್ಟೆಗೇ ಇಟ್ಟ. ಯುಗಾದಿಗೆ ಅಕ್ಕ ಬಂದು ಗೇಟು ತೆಗೆದ ಕೂಡಲೇ ಎರಡು ಗುಂಡಗಿಡ ಕಾಣಬೇಕು, ಅವಳು ಅಲ್ಲೇ ನಿಂತುಬಿಡಬೇಕು ಎಂದು ಅವನು ಅಂದೇ ಮನಸ್ಸು ಮಾಡಿದ.

ಹೆಸರೇ ಗೊತ್ತಿಲ್ಲದ ಗಿಡ ಹುಡುಕುವುದು ಹೇಗೆ? ಉಳವಪ್ಪ ಬೆಳಗಾವಿಯ ನರ್ಸರಿಗಳಿಗೆಲ್ಲ ಹೋಗಿ ಕಂಡ ಕಂಡ ಗಿಡದ ಎಲೆ ಹಿಸುಕಿ ಮೂಸಿದ. ಕೆಲವು ಕಡೆ ಮಾಲಿಗಳು ಅವನನ್ನೇ ಮೂಸಿ ನೋಡುವ ಹಾಗೆ ನೋಡಿದರು. ಕಡೆಗೆ ಒಂದು ಕಡೆ ಒಂದು ಎಲೆ ಮೂಗಿನ ಹತ್ತಿರ ಬಂದದ್ದೇ ತಡ, ಮಳೆ, ಕಂಬಳಿ, ಬಿಸ್ಕೀಟು ಎಲ್ಲ ಒಟ್ಟಿಗೆ ಬಂದುಬಿಟ್ಟವು. ಕಣ್ಣು ಒದ್ದೆಯಾಯಿತು. "ಏನ್ರಿ ಇದರ ಹೆಸರು?" ಎಂದ. "ಬಾಕ್ಸ್‌ವುಡ್ ರಿ," ಎಂದ ಮಾಲಿ, "ಅಳಬ್ಯಾಡ್ರಿ, ರೇಟು ಕಡಿಮಿ ಮಾಡೂಣು."

ಖಾನಾಪುರದ ಮಣ್ಣಿನ ಕುಂಡಗಳೇ ಬೇಕೆಂದು ಹಟ ಹಿಡಿದು ತರಿಸಿದ. ತಳಕ್ಕೆ ತೂತು ಹಾಕಿಸಿದ. ಗಿಡಗಳು ಗೇಟಿನ ಎರಡೂ ಕಡೆ ದ್ವಾರಪಾಲಕರಂತೆ ನಿಂತವು. ಮೊದಲ ವಾರವೆಲ್ಲ ನಾಗರತ್ನಾ ಕಸಬರಿಗೆ ಹಿಡಿದು ಅಂಗಳದಲ್ಲಿ ಓಡಾಡಿದಳು.

"ಎಲ್ಲೈತಿ ಆ ಸುಡಗಾಡ ಬೆಕ್ಕು? ಗೇಟಿನ ಹಂತ್ಯಾಕ ಉಚ್ಚಿ ಹೊಯ್ದು ಹೋಗೇತಿ ನೋಡ್ರಿ. ನಾರಾಕ್ಹತ್ತೈತಿ!"

"ಬೆಕ್ಕಲ್ಲ. ಅದು ಗಿಡದ ವಾಸನಿ."

ನಾಗರತ್ನಾ ಬಗ್ಗಿ ಮೂಸಿದಳು. ನೆಟ್ಟಗೆ ನಿಂತಳು. "ಇದನ್ನ ರೊಕ್ಕಾ ಕೊಟ್ಟು ತಂದೀರಿ?"

ಅವಳಿಗೆ ಬೆಕ್ಕು, ಅವನಿಗೆ ಬಾಲ್ಯ! ಒಂದೇ ಎಲೆ, ಮೂಗು ಮಾತ್ರ ಬೇರೆ ಬೇರೆ.

ಶಿವರಾತ್ರಿಯ ಹೊತ್ತಿಗೆ ಎಡಗಡೆಯ ಗಿಡದಲ್ಲಿ ನಾಲ್ಕು ಎಲೆ ಹಳದಿಯಾದವು. ಮರುದಿನ ಒಂದು ಟೊಂಗೆ. ಆಮೇಲೆ ಬಲಗಡೆಯದೂ ಅದೇ ದಾರಿ ಹಿಡಿಯಿತು. ಯುಗಾದಿ ಎದುರಿಗೇ ಇದೆ! ಅಂದೇ ಉಳವಪ್ಪ ಮೊಬೈಲು ಹಿಡಿದು ಕೂತ, ಏಳುವಷ್ಟರಲ್ಲಿ ಸಸ್ಯವೈದ್ಯನಾಗಿದ್ದ.

ಮೊದಲ ತೀರ್ಮಾನ: ಬಿಸಿಲು. ಮಧ್ಯಾಹ್ನದ ಬಿರುಬಿಸಿಲು ಬಿದ್ದರೆ ಬಾಕ್ಸ್‌ವುಡ್ಡಿನ ಎಲೆ ಕಂದುತ್ತದೆಯಂತೆ. ನೆರಳು ಬೇಕು, ಆದರೆ ತೆಳು ನೆರಳು. ಉಳವಪ್ಪ ಮನೆಯಲ್ಲೆಲ್ಲ ಹುಡುಕಿ, ಒಗೆದು ಒಣಹಾಕಿದ್ದ ತೆಳು ಬಟ್ಟೆಯೊಂದನ್ನು ತಂದು ಗೇಟಿಗೆ ನಾಲ್ಕು ಬಿದಿರು ಬಿಗಿದು ಕಟ್ಟಿದ. ಅದು ನಾಗರತ್ನಾಳ ಇಳಕಲ್ ಸೀರೆ ಎಂಬುದು ಅವನಿಗೆ ತಿಳಿದದ್ದು ಬಾಜು ಮನೆಯ ತಮ್ಮಣ್ಣ ಗೇಟಿನ ಹೊರಗೆ ನಿಂತಾಗಲೇ.

"ಏನ್ ಸಾವಕಾರ್ರ, ಕೆಂಪು ಸೆರಗಿನ ಪೆಂಡಾಲ ಹೊಡದೀರಿ! ಮನ್ಯಾಗ ಕಾರ್ಯ ಐತಿ, ನಮಗ ಹೇಳಕಿ ಇಲ್ಲ?"

ಒಳಗಿಂದ ನಾಗರತ್ನಾ ಬಂದಳು. ಸೀರೆ ನೋಡಿದಳು. "ಕಾರ್ಯ ಐತ್ರಿ ತಮ್ಮಣ್ಣಾರ. ಇವತ್ತ ಇವರದ!" ಎಂದಳು. ಪೆಂಡಾಲು ಮುಂದಿನ ಕ್ಷಣದಲ್ಲಿ ನೆಲಕ್ಕಿಳಿಯಿತು.

ಎರಡನೆಯ ತೀರ್ಮಾನ: ನುಸಿ. ಕಣ್ಣಿಗೆ ಕಾಣದಂಥ ನುಸಿ ಎಲೆಯ ರಸ ಹೀರುತ್ತದೆ. ಟೊಂಗೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿದರೆ ಚುಕ್ಕೆಗಳು ಬೀಳುತ್ತವೆ, ಚುಕ್ಕೆ ಓಡಾಡಿದರೆ ನುಸಿ ಎಂದು ತಿಳಿಯಬೇಕು. ಉಳವಪ್ಪ ಹಾಳೆ ಹಿಡಿದು ತಟ್ಟಿದ. ಚುಕ್ಕೆಗಳು ಬಿದ್ದವು, ಓಡಾಡಿದವು! "ಸಿಕ್ರು ಮಕ್ಕಳು!" ಎಂದು ಗೆದ್ದವರ ಹಾಗೆ ಕೂಗಿ, ಬೇವಿನೆಣ್ಣೆಗೆ ಸಾಬೂನು ನೀರು ಕಲಸಿ ಪಿಚಕಾರಿ ತುಂಬಿ ಹೊಡೆದ. ಗಾಳಿ ಗೇಟಿನ ಕಡೆಗಿತ್ತು. ಗೇಟಿನಾಚೆ ತಮ್ಮಣ್ಣ ಬಿಳಿ ಅಂಗಿ ಹಾಕಿಕೊಂಡು ಯಾರದೋ ಗೃಹಪ್ರವೇಶಕ್ಕೆ ಹೊರಟಿದ್ದ. ಪಾಪ, ಗೃಹಪ್ರವೇಶದ ಮನೆಯವರು ಆತನನ್ನು ಪಂಕ್ತಿಯ ಕಡೆಯಲ್ಲಿ ಕೂರಿಸಿದರಂತೆ. ಸೊಸೆ ಪದ್ಮಶ್ರೀ ಹೊರಬಂದು ಹಾಳೆ ನೋಡಿ, "ಮಾವಾರ, ಇವು ಇರಬಿ," ಎಂದಳು. ಕನ್ನಡಕ ಹಾಕಿ ನೋಡಿದರೆ, ಹೌದು, ಇರುವೆ! ತಮ್ಮಣ್ಣ ಸುಮ್ಮಸುಮ್ಮನೆ ನಾರಿದ್ದ.

ಮೂರನೆಯದು ಎಲೆಯೊಳಗೆ ಸುರಂಗ ಕೊರೆಯುವ ಹುಳು. ಎಲೆಯನ್ನು ಬೆಳಕಿಗೆ ಹಿಡಿದರೆ ಸುರಂಗ ಕಾಣಬೇಕಂತೆ. ಒಂದು ಇಡೀ ಮುಂಜಾನೆ ಉಳವಪ್ಪ ರಸ್ತೆಯ ನಡುವೆ ನಿಂತು ಒಂದೊಂದೇ ಎಲೆ ಎತ್ತಿ ಸೂರ್ಯನ ಕಡೆ ಹಿಡಿದ. ಹೋಗಿ ಬರುವವರಲ್ಲಿ ಇಬ್ಬರು ತಾವೂ ಮೇಲೆ ನೋಡಿ, ಗ್ರಹಣ ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಹೋದರು. ಸುರಂಗ ಸಿಗಲಿಲ್ಲ.

"ಅಪ್ಪಾ, ನೀ ಮತ್ತ ಅಂಗಡಿಗೆ ಬಾ," ಎಂದ ವಿನಯ. "ನಿನ್ನ ಮನ್ಯಾಗ ಬಿಟ್ಟದ್ದ ತಪ್ಪಾತು."

"ಬೆಲ್ಲಾ ಮಾರೂದಲ್ಲಲೇ ಇದು! ಜೀವದ ಪ್ರಶ್ನೆ!"

ವೈದ್ಯ ಸೋತಲ್ಲಿ ಶಿವನೇ ಗತಿ. ಉಳವಪ್ಪ ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡಿಕೊಳ್ಳುವವನು. ಆವರೆಗೆ ಸಣ್ಣ ಬಟ್ಟಲು ನೀರಿನಲ್ಲಿ ಮುಗಿಯುತ್ತಿದ್ದ ಅಭಿಷೇಕ ಈಗ ತಂಬಿಗೆಗೆ ಏರಿತು. ಹಣೆಗೆ, ತೋಳಿಗೆ ವಿಭೂತಿ ದಪ್ಪವಾಯಿತು. "ಶಿವನೇ, ನನಗ ಏನೂ ಬ್ಯಾಡ. ಅಕ್ಕ ಬರೂತನಾ ಎರಡೂ ಗಿಡಾ ಉಳಸು," ಎಂದು ಬೇಡಿಕೊಂಡ. ಎಲೆ ಇನ್ನಷ್ಟು ಹಳದಿಯಾದವು. ಭಕ್ತಿ ಸಾಲದೇನೋ ಎಂದು ಎರಡು ತಂಬಿಗೆ ಮಾಡಿದ. ಎಲೆ ಉದುರತೊಡಗಿದವು! ದೇವರೂ ಹೀಗೆ ಉಲ್ಟಾ ಹೊಡೆಯಬಹುದೆಂದು ಅವನಿಗೆ ಅನಿಸಿರಲಿಲ್ಲ. ಒಬ್ಬನೇ ಗೇಟಿನ ಹತ್ತಿರ ಕೂತು ಉದುರಿದ ಎಲೆ ಆರಿಸುವಾಗ ಅವನಿಗೆ ನಿಜಕ್ಕೂ ಅಳು ಬಂತು. ಅಪ್ಪ ಎರಡನೆಯ ಸಲ ಕೈಬಿಟ್ಟು ಹೋಗುತ್ತಿದ್ದಾನೆ ಎನಿಸಿತು.

ಹಾಗೆ ಕೂತಾಗಲೇ ಮಣ್ಣಿನ ಮೇಲೆ ಬೆಳ್ಳಗೆ ಏನೋ ಕಂಡಿತು. ಬೂಸ್ಟು! ಬೆರಳಿಂದ ಕೆರೆದ. ಬೆರಳು ಸಲೀಸಾಗಿ ಒಳಗೆ ಹೋಯಿತು. ಮಣ್ಣು ಕೆಸರು ಕೆಸರು. ಅವನೇನೋ ವಾರಕ್ಕೊಮ್ಮೆ ಮಾತ್ರ, ಅದೂ ಅಳತೆ ಮಾಡಿ ನೀರು ಹಾಕುತ್ತಿದ್ದ. ಬಾಕ್ಸ್‌ವುಡ್ಡಿಗೆ ಕಾಲು ಒದ್ದೆಯಾದರೆ ಆಗುವುದಿಲ್ಲ, ಬೇರು ಕೊಳೆತು ಎಲೆ ಹಳದಿಯಾಗುತ್ತದೆ ಎಂದು ಮೊಬೈಲು ಮೊದಲ ದಿನವೇ ಹೇಳಿತ್ತು. ಹಾಗಾದರೆ ಯಾರೋ ಕದ್ದು ನೀರು ಹಾಕುತ್ತಿದ್ದಾರೆ!

ಊಟದ ಹೊತ್ತಿಗೆ ವಿಚಾರಣೆ ನಡೆಯಿತು.

"ಖರೇ ಹೇಳ್ರಿ. ನನ್ನ ಗಿಡಕ್ಕ ಯಾರು ನೀರ ಹಾಕ್ತೀರಿ?"

"ನಾ ಯಾಕ ಹಾಕ್ಲಿ? ಆ ಬೆಕ್ಕಿನ ವಾಸನಿಗೆ ನೀರು ಬ್ಯಾರೆ ಕೇಡು!" ಎಂದಳು ನಾಗರತ್ನಾ.

"ನಾನಂತೂ ಹಾಕಿಲ್ಲಪಾ," ಎಂದ ವಿನಯ.

"ಇಲ್ರಿ ಮಾವಾರ, ದೇವರಾಣಿ," ಎಂದಳು ಪದ್ಮಶ್ರೀ.

ಮೂವರ ಮುಖದಲ್ಲೂ ಸುಳ್ಳಿನ ಗೆರೆ ಇಲ್ಲ. ಉಳವಪ್ಪನಿಗೆ ತಮ್ಮಣ್ಣನ ಮೇಲೆ ಅನುಮಾನ ಬಂತು. ಅಂಗಿಯ ಸೇಡು ತೀರಿಸಿಕೊಳ್ಳುತ್ತಿರಬೇಕು! ಮರುದಿನ ನಸುಕಿನಲ್ಲೇ ಎದ್ದು ಅಂಗಳದಲ್ಲಿದ್ದ ಕಾರಿಗೆ ಹೊದಿಸಿದ ಬಟ್ಟೆಯ ಹಿಂದೆ ಅಡಗಿ ಕೂತ.

ತಮ್ಮಣ್ಣ ಬರಲಿಲ್ಲ. ಬಾಗಿಲು ತೆರೆದು ಪದ್ಮಶ್ರೀ ಬಂದಳು, ಮಿಂದು ಮಡಿಯಾಗಿ, ಕೈಯಲ್ಲಿ ಹಿತ್ತಾಳೆ ಬಟ್ಟಲು. ಸೀದಾ ಎಡಗಡೆಯ ಕುಂಡಕ್ಕೆ ಬಂದು ಬಟ್ಟಲು ಬಗ್ಗಿಸಿ, ಕುಂಡಕ್ಕೆ ಕೈ ಮುಗಿದು ಹೋದಳು. ಆಮೇಲೆ ವಿನಯ, ಇನ್ನೊಂದು ಬಟ್ಟಲು. ಅವನು ಬಲಗಡೆಯದಕ್ಕೆ. ಕಡೆಗೆ ನಾಗರತ್ನಾ. ಅವಳದು ಒಂದು ಬಟ್ಟಲು ಎರಡೂ ಕುಂಡಕ್ಕೆ ಸಮಪಾಲು.

ಉಳವಪ್ಪ ಕಾರಿನ ಬಟ್ಟೆ ಹರಿದುಕೊಂಡು ಹೊರಗೆ ಹಾರಿದ.

"ಸಿಕ್ಕಿ! ನೀರ ಹಾಕಿಲ್ಲಂತ ಎಲ್ಲಾರೂ ಹೇಳಿದ್ರಿ?"

ನಾಗರತ್ನಾ ಬೆಚ್ಚಿಬಿದ್ದು ಎದೆ ಹಿಡಿದುಕೊಂಡಳು. ಆಮೇಲೆ ಸಿಟ್ಟಿಗೆದ್ದಳು. "ನೀರ ಎಲ್ಲಿ ಹಾಕಿದೆ? ಪೂಜೀದು ಚೆಲ್ಲಿದೆ! ಲಿಂಗಕ್ಕ ಎರೆದದ್ದನ್ನ ನೀರು ಅಂತಾರೇನ್ರಿ?"

"ಅದನ್ನ ನನ್ನ ಗಿಡಕ್ಕ ಯಾಕ ಚೆಲ್ತೀರಿ?"

"ಮತ್ತ ಎಲ್ಲಿ ಚೆಲ್ಲೂಣು? ಕಾಲ ಬೀಳೂ ಕಡೆ ಚೆಲ್ಲಬಾರದು. ಗಟಾರಕ್ಕ ಬಿಡಬಾರದು. ಮೊದಲ ಕಣಗಿಲ ಗಿಡದ ಬುಡಕ್ಕ ಹಾಕ್ತಿದ್ವಿ. ನೀವು ಅದನ್ನ ಕಿತ್ತು ಗೇಟಿನ ತನಾ ಫರ್ಸಿ ಬಡಸೀರಿ. ಈ ಮನ್ಯಾಗ ಮಣ್ಣಂತ ಇರೂದ ಈ ಎರಡು ಕುಂಡದಾಗ!"

ಉಳವಪ್ಪ ಕುಂಡದ ಕಡೆ ಬಗ್ಗಿದ. ಬೂಸ್ಟು ಎಂದು ಕೆರೆದ ಬೆಳ್ಳನೆಯದನ್ನು ಮತ್ತೆ ಮುಟ್ಟಿ ಮೂಸಿದ. ವಿಭೂತಿ! ಸದ್ದು ಕೇಳಿ ವಿನಯ, ಪದ್ಮಶ್ರೀ ಇಬ್ಬರೂ ಹೊರಬಂದು ಪರಸ್ಪರ ಮುಖ ನೋಡಿಕೊಂಡರು. ಪ್ರತಿಯೊಬ್ಬರೂ ತಮ್ಮ ಲಿಂಗಪೂಜೆಯ ಒಂದು ಬಟ್ಟಲನ್ನು ತಾವೊಬ್ಬರೇ ಅಲ್ಲಿ ಚೆಲ್ಲುತ್ತಿದ್ದೇವೆ ಎಂದುಕೊಂಡಿದ್ದರು.

"ಮೂರು ಬಟ್ಟಲು ನೀರಿಗೆ ಇಷ್ಟು ಕೆಸರು ಆಗೂದಿಲ್ಲ," ಎಂದು ಸಸ್ಯವೈದ್ಯ ಕಡೆಯ ಪಟ್ಟು ಹಾಕಿದ. "ಇನ್ನೂ ಯಾರೋ ಅದಾರ!"

"ಅದಾರ," ಎಂದಳು ನಾಗರತ್ನಾ. "ನೀವ! ಪೂಜಿ ಮುಗಿಸಿ ತಂಬಿಗಿ ಅಲ್ಲೇ ಬಿಟ್ಟು ನಾಷ್ಟಾಕ್ಕ ಕುಂದರ್ತೀರಿ. ಅದನ್ನ ಯಾರು ಚೆಲ್ತಾರಂತ ಮಾಡೀರಿ? ಶಿವ ಬಂದು ಚೆಲ್ತಾನ? ಮೊದಲ ಒಂದ ಬಟ್ಟಲ ಇತ್ತು. ಈಗೀಗ ಏನ್ ಭಕ್ತಿ ಉಕ್ಕಿ ಬಂದೈತೋ, ದಿನಾ ಎರಡು ತಂಬಿಗಿ ಹೊತ್ತು ನನ್ನ ನಡಾ ಬಿದ್ದು ಹೋಗೇತಿ!"

ಉಳವಪ್ಪ ಅಲ್ಲೇ ಫರ್ಸಿಯ ಮೇಲೆ ಕೂತ. ಗಿಡ ಉಳಿಯಲಿ ಎಂದು ಎರೆದ ನೀರೇ ಗಿಡವನ್ನು ಮುಳುಗಿಸಿತ್ತು. ಮೊದಲ ಬಾರಿಗೆ ಅವನು ಹೆಂಡತಿಯ ಮುಂದೆ ಬಂಗಲೆ, ಕಂಬಳಿ, ಅಕ್ಕನ ಮಾತು ಎಲ್ಲವನ್ನೂ ಹೇಳಿದ. ನಾಗರತ್ನಾ ನಗಲಿಲ್ಲ. "ಮೊದಲ ಹೇಳಬಾರದಿತ್ತೇನ್ರಿ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಂಡ ಬಗ್ಗಿಸಲು ಬಂದಳು.

ಎಡಗಡೆಯ ಗಿಡದ ಬೇರು ಕರ್ರಗಾಗಿ, ಕೈಯಲ್ಲಿ ಹಿಡಿದರೆ ಕಳಚಿ ಬರುತ್ತಿತ್ತು. ಅದರ ಕಥೆ ಮುಗಿದಿತ್ತು. ಬಲಗಡೆಯದರಲ್ಲಿ ಅಲ್ಲಲ್ಲಿ ಬೆಳ್ಳನೆಯ ಜೀವಂತ ಬೇರು ಇದ್ದವು. ಕೊಳೆತದ್ದನ್ನು ಕತ್ತರಿಸಿ, ಮರಳು ಬೆರೆಸಿದ ಹೊಸ ಮಣ್ಣಿನಲ್ಲಿ ನೆಟ್ಟು, ಕುಂಡವನ್ನು ಇಟ್ಟಿಗೆಯ ಮೇಲೆ ಎತ್ತಿ ಇಟ್ಟರು. ಅದಾದ ಮೇಲೆ ಮನೆಮಂದಿಯೆಲ್ಲ ಪೂಜೆಯ ಬಟ್ಟಲು ಹಿಡಿದು ತಮ್ಮಣ್ಣನ ಅಂಗಳದ ತೆಂಗಿನ ಮರಕ್ಕೆ ಸಾಲಾಗಿ ಹೋಗತೊಡಗಿದರು. ಇಷ್ಟಾದರೂ ಯುಗಾದಿಯ ಹೊತ್ತಿಗೆ ಗಿಡ ಚೇತರಿಸಿಕೊಳ್ಳಲಿಲ್ಲ. ಅರ್ಧ ಬೋಳು, ಅರ್ಧ ಹಳದಿ. ಅಕ್ಕನ ಕಣ್ಣಿಗೆ ಬೀಳದಿರಲಿ ಎಂದು ಉಳವಪ್ಪ ಅದನ್ನು ಪಡಸಾಲೆಯ ಮೂಲೆಗೆ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ಸರಿಸಿಬಿಟ್ಟ.

ಬಾಳವ್ವ ಹಬ್ಬದ ಹಿಂದಿನ ಸಂಜೆ ಗೇರುಬೀಜದ ಗಂಟು ಹೊತ್ತು ಬಂದಳು. ಗೇಟು ತೆಗೆದಳು, ನಿಲ್ಲಲಿಲ್ಲ, ಒಳಗೆ ಬಂದಳು. ಉಳವಪ್ಪ ಆ ರಾತ್ರಿ ಊಟ ಮುಗಿಸಿ ಬೇಗ ಮಲಗಿಬಿಟ್ಟ.

ಹಬ್ಬದ ಬೆಳಿಗ್ಗೆ ಹೊರಗಿಂದ ಕೂಗು ಕೇಳಿಸಿತು.

"ಏ ಉಳವ್ಯಾ! ಬಾರೋ ಇಲ್ಲಿ! ಗುಂಡಗಿಡಾ!"

ಓಡಿ ಹೋಗಿ ನೋಡಿದರೆ ಚಪ್ಪಲಿ ಸ್ಟ್ಯಾಂಡು ಒಂದು ಕಡೆ, ಬಾಳವ್ವ ಕುಂಡದ ಬಾಜು ನೆಲದ ಮೇಲೆ ಕೂತಿದ್ದಾಳೆ. ಕೈಯಲ್ಲಿ ಪೂಜೆಯ ಬಟ್ಟಲು, ಖಾಲಿ! ಉಳವಪ್ಪ ಅವಳ ಮುಂದೆ ಬಂದು ನಿಂತ.

"ಹಸರಂದು ತೋರಸಬೇಕಂತಿತ್ತಕ್ಕಾ," ಎಂದ. "ಅಪ್ಪನ ಗುರ್ತಾ ಆಗಲಿ ಅಂತ ತಂದಿದ್ದೆ. ಒಂದು ಸತ್ತು ಹೋತು. ಇದೂ ಹಿಂಗ ಹಳದಿ ಆತು."

"ಹಸರಂದು?" ಬಾಳವ್ವ ಕಣ್ಣರಳಿಸಿದಳು. "ಅದು ಹಸಿರು ಯಾವಾಗಿತ್ತೋ? ನೀ ಸಣ್ಣಾಂವ, ಬಿಸ್ಕೀಟ ನೋಡ್ತಿದ್ದಿ, ಗಿಡಾ ಎಲ್ಲಿ ನೋಡಿದಿ! ಬಂಗಲೇದಾಗ ಈ ಗಿಡಾ ವರ್ಷಾ ಸಾಯ್ತಿದ್ವು. ಸಾಹೇಬ ವರ್ಷಾ ಹೊಸಾವು ತರತಿದ್ದ."

"ಯಾಕ?"

"ಆ ಮಳಿಯಾಗ ಪೂಜಿ ನೀರು ಚೆಲ್ಲಾಕ ಹೊರಗ ಯಾರು ಹೋಗ್ಬೇಕು? ಅಪ್ಪ ಪಡಸಾಲ್ಯಾಗ ನಿಂತು ಗುಂಡಗಿಡಕ್ಕ ಬಗ್ಗಸ್ತಿದ್ದ. ಅವ್ವಂದೂ ಅಲ್ಲೇ, ನಂದೂ ಅಲ್ಲೇ. ಪಾಪ, ಸಾಹೇಬ ಬಂದಾಗೊಮ್ಮೆ ಔಷಧ ಹೊಡೀತಿದ್ದ, ಎಲಿ ಎತ್ತಿ ಎತ್ತಿ ಬೆಳಕಿಗೆ ಹಿಡೀತಿದ್ದ. ಅಪ್ಪ ಬಾಜು ಕೈ ಕಟ್ಟಿ ನಿಂತು, 'ಏನಾಗೇತ್ರೀ ಸಾಹೇಬ್ರ ಇದಕ್ಕ?' ಅಂತ ಕೇಳ್ತಿದ್ದ!"

ಬಾಗಿಲಲ್ಲಿ ನಿಂತಿದ್ದ ನಾಗರತ್ನಾ ಗೋಡೆ ಹಿಡಿದು ನಗತೊಡಗಿದಳು. ಉಳವಪ್ಪನಿಗೆ ಮೊದಲು ನಗು ಬಂತು, ನಗುತ್ತ ನಗುತ್ತ ಕಣ್ಣು ತುಂಬಿ ಬಂದವು. ಅವನೂ ಕುಂಡದ ಬಾಜು, ಅಕ್ಕನ ಮಗ್ಗುಲಿಗೆ ಕೂತ.

ಬಾಳವ್ವ ಹಳದಿ ಟೊಂಗೆಯನ್ನು ಮೆಲ್ಲಗೆ ಸವರಿದಳು. ಬಗ್ಗಿ ಮೂಸಿದಳು. ಆಮೇಲೆ ತಮ್ಮನ ಬೆನ್ನು ತಟ್ಟಿ ಹೇಳಿದಳು:

"ಥೇಟ್ ಅಪ್ಪನ ಕೈ ಗುಣಾ ನಿಂದು. ಆದ್ರ ಇನ್ನೂ ಕಲೀಬೇಕು ತಮ್ಮಾ. ಅಪ್ಪ ಇದ್ದಿದ್ರ ಇಷ್ಟೊತ್ತಿಗೆ ಎರಡೂ ಮುಗಿಸಿರ್ತಿದ್ದ!"